ಜೂಮ್ಲಾ 3ರಿಂದ ವರ್ಡ್‌ಪ್ರೆಸ್‌ಗೆ ಹಳೇ ಸೈಟ್ ಶಿಫ್ಟ್ ಮಾಡ್ಬೇಕು, ಹಳೇ ಲಿಂಕ್ ಒಂದೂ ಸಾಯ್ಬಾರ್ದು, ಹೇಗೆ?

ಪುಟಪಾಲಕಿ:

ಎಲ್ರಿಗೂ ನಮಸ್ಕಾರ. ನಾವು ಮೂರು ಜನ ಸೇರ್ಕೊಂಡು 2011ರಿಂದ ಮಕ್ಕಳಿಗೆ ವಿಜ್ಞಾನ ಹೇಳೋ ಒಂದು ಕನ್ನಡ ಸೈಟ್ ನಡೆಸ್ತಾ ಇದೀವಿ. ಈಗ 1,840 ಲೇಖನ ಆಗಿದಾವೆ, ಚಿತ್ರಗಳೇ ನಾಲ್ಕು ಜಿಬಿ ಹತ್ರ ಇದಾವೆ. ಸೈಟ್ ಇರೋದು ಜೂಮ್ಲಾ 3ರಲ್ಲಿ (ಜೂಮ್ಲಾ, ವರ್ಡ್‌ಪ್ರೆಸ್ ಎರಡೂ ಸೈಟ್ ನಡೆಸೋ ಸಾಫ್ಟ್‌ವೇರ್), ಅದಕ್ಕೆ ಸಪೋರ್ಟ್ ಮುಗಿದಿದ್ದು 2023ರ ಆಗಸ್ಟ್ 17ಕ್ಕೆ, ಅವತ್ತಿಂದ ಸೆಕ್ಯುರಿಟಿ ಅಪ್‌ಡೇಟ್ ಇಲ್ಲ, ಈಗ ಹೋಸ್ಟಿಂಗ್‌ನವ್ರು ಬೇರೆ ಜೂಮ್ಲಾ ಓಡೋಕೆ ಬೇಕಾದ ಹಳೇ ಪಿಎಚ್‌ಪಿ ತೆಗೆದುಹಾಕ್ತೀವಿ ಅಂತ ಮೇಲ್ ಕಳ್ಸಿದಾರೆ. ನಮ್ಮಲ್ಲಿ ಬರೆಯೋರಿಗೆಲ್ಲ ವರ್ಡ್‌ಪ್ರೆಸ್ ಅಭ್ಯಾಸ ಇದೆ, ಹಾಗಾಗಿ ಅದಕ್ಕೇ ಹೋಗೋಣ ಅಂತ ತೀರ್ಮಾನ ಆಗಿದೆ. ಹೋಸ್ಟಿಂಗ್ ಕೂಡ ಬದಲಾಗುತ್ತೆ. ಡೊಮೇನ್ ಹೆಸ್ರು ಅದೇ.

ಲ್ಯಾಪ್‌ಟಾಪಲ್ಲಿ ಒಂದು ಪ್ಲಗಿನ್ ಹಾಕಿ ಟ್ರಯಲ್ ನೋಡ್ದೆ. ಲೇಖನಗಳೇನೋ ಬಂದ್ವು, ಆದ್ರೆ ಸುಮಾರು ಲೇಖನಗಳಲ್ಲಿ ಮೊದಲನೇ ಪ್ಯಾರಾನೇ ಇಲ್ಲ, ಒಂದಂತೂ ನೇರವಾಗಿ "ಇದಕ್ಕೆ ಕಾರಣ ಏನಂದ್ರೆ" ಅಂತ ಶುರುವಾಗುತ್ತೆ, ಯಾವುದಕ್ಕೆ ಕಾರಣ ಅನ್ನೋದೇ ಹೋಗ್ಬಿಟ್ಟಿದೆ. ಹೋಮ್‌ಪೇಜಲ್ಲಿ ಚಿತ್ರ ಕಾಣುತ್ತೆ, ಲೇಖನದ ಒಳಗೆ ಹೋದ್ರೆ ಅದೇ ಚಿತ್ರ ಕಾಣಲ್ಲ. ಬೆಳಗಿನ ಜಾವ ಹಾಕಿದ್ದ ಕೆಲವು ಲೇಖನಗಳ ತಾರೀಖು ಒಂದು ದಿನ ಹಿಂದಕ್ಕೆ ಹೋಗಿದೆ.

ಇದೆಲ್ಲ ಕೂತು ಸರಿ ಮಾಡ್ಬಹುದೇನೋ, ನನಗೆ ಭಯ ಇರೋದು ಬೇರೆ ವಿಷಯಕ್ಕೆ. 2014ರಲ್ಲಿ ಶಾಲೆಗಳಿಗೆ ಹಂಚೋಕೆ 40 ಥರದ ಗೋಡೆ ಪೋಸ್ಟರ್ ಮಾಡಿಸಿದ್ವಿ, ಪ್ರತಿ ಪೋಸ್ಟರ್ ಮೂಲೇಲಿ ಒಂದು ಕ್ಯುಆರ್ ಕೋಡ್ ಇದೆ, ಸ್ಕ್ಯಾನ್ ಮಾಡಿದ್ರೆ ಆಯಾ ಲೇಖನ ತೆರ್ಕೊಳ್ಳುತ್ತೆ. ಅವು ಇವತ್ತಿಗೂ ಕ್ಲಾಸ್‌ರೂಮ್ ಗೋಡೆ ಮೇಲಿವೆ, ಟೀಚರ್‌ಗಳು ಆಗಾಗ ಮೇಲ್ ಹಾಕ್ತಿರ್ತಾರೆ. ಪ್ರಿಂಟ್ ಆಗಿ ಗೋಡೆಗೆ ಅಂಟಿರೋದನ್ನ ತಿದ್ದೋಕಾಗಲ್ಲ. ಮಗು ಸ್ಕ್ಯಾನ್ ಮಾಡಿದಾಗ "ಪುಟ ಸಿಗಲಿಲ್ಲ" ಅಂತ ಬಂದ್ರೆ ಹನ್ನೆರಡು ವರ್ಷದ ಕೆಲಸ ಅಷ್ಟಕ್ಕೇ ನಿಂತ ಹಾಗೆ ಅಂತ ನನಗನ್ಸುತ್ತೆ. ಮಾಡಿ ಅನುಭವ ಇರೋರು ದಯವಿಟ್ಟು ಎಲ್ಲಿಂದ ಶುರು ಮಾಡ್ಬೇಕು ಅಂತ ಹೇಳಿ.


ಹಳೇಸರ್ವರ್:

ಮೇಡಂ, ಪೋಸ್ಟರ್ ವಿಷಯ ಮೊದ್ಲೇ ಹೇಳಿದ್ದು ಒಳ್ಳೇದಾಯ್ತು. ಸುಮಾರು ಜನ ಲೇಖನ ಬಂತಾ, ಡಿಸೈನ್ ಚೆನ್ನಾಗಿದ್ಯಾ ಅಂತ ನೋಡ್ಕೊಂಡು ಹೊಸ ಸೈಟ್ ಆನ್ ಮಾಡ್ತಾರೆ, ವಿಳಾಸಗಳ ನೆನಪಾಗೋದು ಮೂರು ವಾರ ಆದ್ಮೇಲೆ ಓದುಗರು ಕಮ್ಮಿ ಆದಾಗ. ಲೇಖನ ಡೇಟಾಬೇಸಲ್ಲಿ ಇದ್ದೇ ಇರುತ್ತೆ, ಬ್ಯಾಕಪ್ ಇದ್ರೆ ಯಾವಾಗ ಬೇಕಾದ್ರೂ ತರ್ಬಹುದು. ವಿಳಾಸ ಹಾಗಲ್ಲ, ಅದು ನಿಮ್ಮ ಕೈಲಿಲ್ಲ, ಬೇರೆಯವರ ಬುಕ್‌ಮಾರ್ಕಲ್ಲಿ, ಬೇರೆಯವರ ಪುಟದಲ್ಲಿ, ನಿಮ್ಮ ವಿಷಯದಲ್ಲಾದ್ರೆ ಗೋಡೆ ಮೇಲಿದೆ. ಅದಕ್ಕೇ ನಾನು ಶುರು ಮಾಡೋದು ಯಾವಾಗ್ಲೂ ವಿಳಾಸಗಳ ಪಟ್ಟಿಯಿಂದ. ಹೊಸ ಸಾಫ್ಟ್‌ವೇರ್ ಇನ್‌ಸ್ಟಾಲ್ ಮಾಡೋಕ್ಕೂ ಮುಂಚೆ.

ಆ ಪಟ್ಟಿನ ಒಂದೇ ಕಡೆಯಿಂದ ಮಾಡಿದ್ರೆ ಸಾಲಲ್ಲ. ಒಂದು, ಕ್ರಾಲರ್ ಓಡಿಸಿ, ಅದು ಹೋಮ್‌ಪೇಜಿಂದ ಹಿಡಿದು ಲಿಂಕ್ ಇರೋ ಪುಟ ಎಲ್ಲಾನೂ ಎತ್ಕೊಡುತ್ತೆ, ಆದ್ರೆ ಎಲ್ಲೂ ಲಿಂಕ್ ಇಲ್ಲದ ಪುಟ ಅದಕ್ಕೆ ಗೊತ್ತಾಗಲ್ಲ. ಅದಕ್ಕೆ ಡೇಟಾಬೇಸಿಂದ ಲೇಖನಗಳ ಐಡಿ ಮತ್ತೆ ಅಲಿಯಾಸ್ (ವಿಳಾಸದಲ್ಲಿ ಬರೋ ಲೇಖನದ ಹೆಸರು) ನೇರವಾಗಿ ತೆಗೀಬೇಕು. ಆಮೇಲೆ ಗೂಗಲ್ ಸರ್ಚ್ ಕನ್ಸೋಲ್, ಅದರಲ್ಲಿ 16 ತಿಂಗಳ ಲೆಕ್ಕ ಸಿಗುತ್ತೆ, ಯಾವ ಪುಟಕ್ಕೆ ಜನ ಹುಡ್ಕಿಕೊಂಡು ಬರ್ತಾರೆ ಅನ್ನೋದು ಅಲ್ಲಿ ಗೊತ್ತಾಗುತ್ತೆ. ಎಲ್ಲಕ್ಕಿಂತ ಮುಖ್ಯ ಸರ್ವರ್‌ನ ಆಕ್ಸೆಸ್ ಲಾಗ್, ಜನ ನಿಜವಾಗ್ಲೂ ಯಾವ ವಿಳಾಸ ತಟ್ಟಿದ್ರು ಅನ್ನೋದು ಅಕ್ಷರಕ್ಕೆ ಅಕ್ಷರ ಅದರಲ್ಲಿರುತ್ತೆ, ಪಿಡಿಎಫ್, ಚಿತ್ರ, ಫೀಡ್ ಎಲ್ಲಾ ಸೇರಿ. ಹಳೇ ಹೋಸ್ಟಿಂಗ್ ಬಿಡೋಕ್ಕೂ ಮುಂಚೆ ಎಷ್ಟು ತಿಂಗಳದ್ದು ಸಿಗುತ್ತೋ ಅಷ್ಟೂ ಇಳಿಸಿಟ್ಕೊಳ್ಳಿ, ಬಿಟ್ಮೇಲೆ ಯಾರೂ ಕೊಡಲ್ಲ.

ಈ ನಾಲ್ಕನ್ನೂ ಒಂದು ಸ್ಪ್ರೆಡ್‌ಶೀಟ್‌ಗೆ ಸುರಿದು ಡೂಪ್ಲಿಕೇಟ್ ತೆಗೀರಿ. ಎಡಗಡೆ ಹಳೇ ವಿಳಾಸ, ಬಲಗಡೆ ಹೊಸದು. ಜೂಮ್ಲಾದಲ್ಲಿ ಒಂದೇ ಲೇಖನ ಬೇರೆ ಬೇರೆ ಮೆನು ಮೂಲಕ ಮೂರು ನಾಲ್ಕು ವಿಳಾಸದಲ್ಲಿ ತೆರ್ಕೊಳ್ಳೋದು ಮಾಮೂಲಿ, ಅಷ್ಟೂ ಎಡಗಡೆ ಬರ್ಬೇಕು. ನಿಮ್ಮದು ಕನ್ನಡ ಟೈಟಲ್ ಅಲ್ವಾ, ಯೂನಿಕೋಡ್ ಅಲಿಯಾಸ್ ಆಫ್ ಇದ್ದಿದ್ರೆ ಜೂಮ್ಲಾ ಟೈಟಲ್‌ನಿಂದ ಅಲಿಯಾಸ್ ಮಾಡೋಕಾಗ್ದೆ ಆ ಕ್ಷಣದ ತಾರೀಖು ಸಮಯಾನೇ ಅಲಿಯಾಸ್ ಆಗಿ ಹಾಕಿರುತ್ತೆ, 482-2014-03-09-05-12-44 ಅನ್ನೋ ಥರ. ನೋಡೋಕೆ ಚೆನ್ನಾಗಿಲ್ಲ ನಿಜ, ಆದ್ರೆ ಮುಂದಿರೋ 482 ಇದ್ಯಲ್ಲ ಅದು ಲೇಖನದ ಐಡಿ, ನಿಮ್ಮನ್ನ ಕಾಪಾಡೋದು ಅದೇ. ವರ್ಡ್‌ಪ್ರೆಸ್‌ಗೆ ತರೋವಾಗ ಪ್ರತಿ ಲೇಖನದ ಜೊತೆ ಹಳೇ ಐಡಿನ ಒಂದು ಕಸ್ಟಮ್ ಫೀಲ್ಡಲ್ಲಿ (ನಾವೇ ಸೇರಿಸ್ಕೊಳ್ಳೋ ಖಾನೆ) ಉಳಿಸ್ಕೊಳ್ಳಿ. ಇದೊಂದನ್ನ ಮಾತ್ರ ಮರೀಬೇಡಿ.

ಆಮೇಲೆ ರೀಡೈರೆಕ್ಟ್, ಅಂದ್ರೆ ಒಂದು ವಿಳಾಸಕ್ಕೆ ಬಂದೋರನ್ನ ಇನ್ನೊಂದಕ್ಕೆ ಕಳಿಸೋದು. ಹಳೇ ವಿಳಾಸದಿಂದ ಹೊಸದಕ್ಕೆ 301 ಅನ್ನೋ ಕೋಡ್ ಕೊಡ್ಬೇಕು, ಅಂದ್ರೆ ಶಾಶ್ವತವಾಗಿ ಬದಲಾಗಿದೆ ಅಂತ. ಟೆಸ್ಟ್ ಮಾಡೋವಾಗ ಮಾತ್ರ 302 (ತಾತ್ಕಾಲಿಕ) ಇಟ್ಕೊಳ್ಳಿ, ಯಾಕಂದ್ರೆ 301ನ ಬ್ರೌಸರ್ ನೆನಪಿಟ್ಕೊಂಡುಬಿಡುತ್ತೆ, ತಪ್ಪು ಜಾಗಕ್ಕೆ ಕೊಟ್ಟಿದ್ರೆ ನೀವು ಸರಿ ಮಾಡಿದ್ಮೇಲೂ ಅದು ಹಳೇ ತಪ್ಪನ್ನೇ ತೋರಿಸ್ತಾ ಇರುತ್ತೆ, ಅರ್ಧ ದಿನ ತಲೆ ಕೆಡುತ್ತೆ. ಸಿಗದ ಪುಟಗಳನ್ನೆಲ್ಲ ಹೋಮ್‌ಪೇಜಿಗೆ ಕಳಿಸೋ ಕೆಲಸ ದಯವಿಟ್ಟು ಮಾಡ್ಬೇಡಿ. ಗೂಗಲ್ ಅದನ್ನ ಸಾಫ್ಟ್ 404 ಅಂತ, ಅಂದ್ರೆ ಪುಟ ಇಲ್ಲ (404) ಅಂತಾನೇ ಲೆಕ್ಕ ಹಾಕುತ್ತೆ, ಓದೋರಿಗೂ ನಾನು ಕೇಳಿದ್ದೇನು ಇಲ್ಲಿ ಬಂದಿರೋದೇನು ಅನ್ಸುತ್ತೆ. ಬೇಕಂತಲೇ ತೆಗೆದ ಪುಟಕ್ಕೆ 410 (ತೆಗೆದುಹಾಕಿದೆ) ಕೊಡಿ. ಒಂದರಿಂದ ಒಂದಕ್ಕೆ ನೇರವಾಗಿ ಹೋಗ್ಬೇಕು, ಮೊದ್ಲು ಎಚ್‌ಟಿಟಿಪಿಎಸ್‌ಗೆ, ಅಲ್ಲಿಂದ ಡಬ್ಲ್ಯುಡಬ್ಲ್ಯುಡಬ್ಲ್ಯು ಇಲ್ಲದ್ದಕ್ಕೆ, ಅಲ್ಲಿಂದ ಹೊಸ ಸ್ಲಗ್‌ಗೆ (ವರ್ಡ್‌ಪ್ರೆಸ್ ವಿಳಾಸದಲ್ಲಿ ಬರೋ ಲೇಖನದ ಹೆಸರು) ಅಂತ ಸರಪಳಿ ಆಗ್ಬಾರ್ದು. ರೀಡೈರೆಕ್ಟ್‌ಗಳನ್ನ ಕಮ್ಮಿ ಅಂದ್ರೂ ಒಂದು ವರ್ಷ ಇಡಿ ಅಂತ ಗೂಗಲೇ ಹೇಳುತ್ತೆ, ನಿಮ್ಮ ಪೋಸ್ಟರ್ ಗೋಡೆ ಮೇಲಿರೋ ತನಕ ತೆಗೀಲೇಬೇಡಿ ಅಂತ ನಾನು ಹೇಳ್ತೀನಿ.

ಇನ್ನೊಂದು, ಸಾಫ್ಟ್‌ವೇರ್ ಬದಲಾಗ್ತಿದೆ, ಹೋಸ್ಟಿಂಗೂ ಬದಲಾಗ್ತಿದೆ, ಅಷ್ಟು ಸಾಕು. ಇದೇ ಸಮಯದಲ್ಲಿ ವಿಭಾಗಗಳನ್ನ ಬೇರೆ ಥರ ಜೋಡಿಸೋಣ, ಟೈಟಲ್ ತಿದ್ದೋಣ ಅಂತ ಹೋಗ್ಬೇಡಿ. ಏನಾದ್ರೂ ಕೆಟ್ಟಾಗ ಯಾವುದರಿಂದ ಕೆಟ್ಟಿದ್ದು ಅಂತ ಹುಡುಕೋಕೆ ಆಗಲ್ಲ.


ಅಕ್ಷರಶಃ:

ಹಳೇಸರ್ವರ್ ಹೇಳಿದ್ದಕ್ಕೆಲ್ಲ ನನ್ನ ಒಪ್ಪಿಗೆ ಇದೆ, ನಾನು ನಿಮ್ಮ ಮೂರು ತೊಂದರೆ ಬಗ್ಗೆ ಹೇಳ್ತೀನಿ, ಮೂರಕ್ಕೂ ಕಾರಣ ಇದೆ.

ಮೊದಲನೇ ಪ್ಯಾರಾ. ಜೂಮ್ಲಾ ಲೇಖನಾನ ಒಂದೇ ಕಾಲಂನಲ್ಲಿ ಇಡಲ್ಲ. ನೀವು ಎಡಿಟರಲ್ಲಿ "ರೀಡ್ ಮೋರ್" ಗೆರೆ ಹಾಕಿದ್ರೆ ಗೆರೆಗಿಂತ ಮೇಲಿನದ್ದು ಇಂಟ್ರೋಟೆಕ್ಸ್ಟ್ ಅನ್ನೋ ಕಾಲಂಗೆ, ಕೆಳಗಿನದ್ದು ಫುಲ್‌ಟೆಕ್ಸ್ಟ್ ಅನ್ನೋ ಕಾಲಂಗೆ ಹೋಗುತ್ತೆ. ಫುಲ್‌ಟೆಕ್ಸ್ಟ್ ಅಂತ ಹೆಸರಿದ್ರೂ ಅದರಲ್ಲಿ ಪೂರ್ತಿ ಲೇಖನ ಇರಲ್ಲ, ಹೆಸರು ನೋಡಿ ಮೋಸ ಹೋಗೋರು ಜಾಸ್ತಿ. ನಿಮ್ಮ ಪ್ಲಗಿನ್ ಅದೊಂದನ್ನೇ ಎತ್ಕೊಂಡಿದೆ ಅನ್ಸುತ್ತೆ. ಎರಡನ್ನೂ ಸೇರಿಸಿ ಮಧ್ಯೆ ವರ್ಡ್‌ಪ್ರೆಸ್‌ನ "ಮೋರ್" ಗುರುತು ಹಾಕ್ಬೇಕು. ಗೆರೆ ಹಾಕದ ಲೇಖನ ಪೂರ್ತಿ ಇಂಟ್ರೋಟೆಕ್ಸ್ಟಲ್ಲೇ ಇರುತ್ತೆ, ಅಂಥವು ಖಾಲಿ ಬಂದಿರಬಹುದು, ಒಂದ್ಸಲ ನೋಡಿ.

ಚಿತ್ರ. ಜೂಮ್ಲಾ ಎಡಿಟರ್ ಚಿತ್ರದ ದಾರಿನ ಇಮೇಜಸ್ ಸ್ಲ್ಯಾಶ್ ಫೈಲ್ ಹೆಸರು ಅಂತ ಇಡುತ್ತೆ, ಶುರುವಿನಲ್ಲಿ ಸ್ಲ್ಯಾಶ್ ಇರಲ್ಲ. ಜೂಮ್ಲಾ ಪುಟದ ತಲೆಯಲ್ಲಿ ದಾರಿ ಎಲ್ಲಿಂದ ಶುರು ಅಂತ ಹೇಳೋ ಬೇಸ್ ಟ್ಯಾಗ್ ಇರೋದ್ರಿಂದ ಅಲ್ಲಿ ನಡೆಯುತ್ತೆ. ವರ್ಡ್‌ಪ್ರೆಸಲ್ಲಿ ಆ ಟ್ಯಾಗ್ ಇಲ್ಲ, ಹಾಗಾಗಿ ಬ್ರೌಸರ್ ಲೇಖನದ ವಿಳಾಸದ ಒಳಗೇ ಇಮೇಜಸ್ ಅನ್ನೋ ಫೋಲ್ಡರ್ ಹುಡುಕುತ್ತೆ. ಹೋಮ್‌ಪೇಜ್ ಮೂಲದಲ್ಲೇ ಇರೋದ್ರಿಂದ ಅಲ್ಲಿ ಕಾಣುತ್ತೆ, ಒಳಗಡೆ ಕಾಣಲ್ಲ, ನೀವು ಹೇಳಿದ್ದು ಸರಿಯಾಗಿ ಇದೇ. ಮುಂದೆ ಒಂದು ಸ್ಲ್ಯಾಶ್ ಸೇರಿಸಿ, ಹಳೇ ಇಮೇಜಸ್ ಫೋಲ್ಡರ್‌ನ ಹಾಗೇ ಹೊಸ ಸರ್ವರ್‌ಗೆ ಕಾಪಿ ಮಾಡಿ, ಆಗ ಬೇರೆ ಸೈಟ್‌ನವ್ರು ನಿಮ್ಮ ಚಿತ್ರಕ್ಕೆ ಕೊಟ್ಟಿರೋ ಲಿಂಕೂ ಉಳಿಯುತ್ತೆ. ನೆನಪಿರ್ಲಿ, ಲಿನಕ್ಸ್ ಸರ್ವರಲ್ಲಿ ದೊಡ್ಡಕ್ಷರ ಸಣ್ಣಕ್ಷರ ಬೇರೆ ಬೇರೆ. ವಿಂಡೋಸ್ ಲ್ಯಾಪ್‌ಟಾಪಲ್ಲಿ ಕಂಡ ಚಿತ್ರ ಅಲ್ಲಿ ಕಾಣದೇ ಇರಬಹುದು.

ತಾರೀಖು. ಜೂಮ್ಲಾ ಸಮಯಾನ ಯುಟಿಸಿಯಲ್ಲಿ (ನಮ್ಮ ಸಮಯಕ್ಕಿಂತ ಹಿಂದಿರೋ ಜಿಎಂಟಿ ಸಮಯ) ಇಡುತ್ತೆ, ವರ್ಡ್‌ಪ್ರೆಸ್ ಸ್ಥಳೀಯ ಸಮಯ ಒಂದು ಕಾಲಂ, ಜಿಎಂಟಿ ಇನ್ನೊಂದು ಕಾಲಂ ಅಂತ ಎರಡು ಇಡುತ್ತೆ. ಯುಟಿಸಿ ಸಮಯಾನೇ ಸ್ಥಳೀಯ ಸಮಯ ಅಂತ ಹಾಕಿದ್ರೆ ಬೆಳಗಿನ ಜಾವದ ಲೇಖನ ಹಿಂದಿನ ದಿನಕ್ಕೆ ಹೋಗುತ್ತೆ.

ಇದರ ಜೊತೆ ಲೇಖನಗಳ ಒಳಗೆ ಲೋಡ್‌ಮಾಡ್ಯೂಲ್, ಲೋಡ್‌ಪೊಸಿಷನ್ ಅಂತ ಹೂವಿನ ಆವರಣದಲ್ಲಿ ಏನಾದ್ರೂ ಬರೆದಿದೀರಾ ಹುಡುಕಿ. ಜೂಮ್ಲಾದಲ್ಲಿ ಅದು ಗ್ಯಾಲರಿ, ಬಾಕ್ಸ್ ಏನೋ ಆಗಿ ಕಾಣುತ್ತೆ, ಹೊಸ ಕಡೆ ಆ ಅಕ್ಷರಗಳೇ ಹಾಗೇ ಲೇಖನದ ಮಧ್ಯೆ ಬಿದ್ದಿರುತ್ತೆ.

ಈಗ ಕನ್ನಡದ ವಿಷಯ. ಡೇಟಾಬೇಸ್ ಡಂಪ್ (ಪೂರ್ತಿ ನಕಲು) ತೆಗೆದು ಹೊಸ ಕಡೆ ಹಾಕಿದ್ಮೇಲೆ ಅಕ್ಷರ ಸರಿಯಾಗಿದ್ಯಾ ಅಂತ ಕಣ್ಣಲ್ಲಿ ನೋಡಿದ್ರೆ ಸಾಲಲ್ಲ. ಡೇಟಾಬೇಸ್ ಸಾಫ್ಟ್‌ವೇರ್ ಮೈಎಸ್‌ಕ್ಯುಎಲ್‌ನಲ್ಲಿ ಲೆಂಗ್ತ್ ಅಂದ್ರೆ ಬೈಟ್ ಲೆಕ್ಕ, ಕ್ಯಾರ್ ಲೆಂಗ್ತ್ ಅಂದ್ರೆ ಅಕ್ಷರ ಲೆಕ್ಕ. ಅಕ್ಷರಗಳನ್ನ ಬೈಟ್ ಆಗಿ ಬರೆಯೋ ಯುಟಿಎಫ್-8 ಪದ್ಧತಿಯಲ್ಲಿ "ಕ" ಅನ್ನೋದು 3 ಬೈಟ್, 1 ಅಕ್ಷರ. ಟೈಟಲ್ ಕಾಲಂಗೆ ಎರಡನ್ನೂ ಕೇಳಿ ನೋಡಿ, ಬೈಟ್ ಲೆಕ್ಕ ಅಕ್ಷರ ಲೆಕ್ಕದ ಮೂರು ಪಟ್ಟು ಹತ್ರ ಇದ್ರೆ ಸರಿ. "ಕ"ಗೆ ಅಕ್ಷರ ಲೆಕ್ಕಾನೂ 3 ಅಂತ ತೋರಿಸ್ತಿದ್ರೆ ಹಳೇ ಕಾಲದಲ್ಲೇ ತಪ್ಪು ಎನ್‌ಕೋಡಿಂಗಲ್ಲಿ ಕೂತಿದೆ ಅಂತ ಅರ್ಥ, ಹಳೇ ಸೈಟಲ್ಲಿ ತಪ್ಪಿಗೆ ತಪ್ಪು ಸೇರಿ ಸರಿಯಾಗಿ ಕಾಣ್ತಿರುತ್ತೆ, ಹೊಸ ಕಡೆ ಕಸ ಆಗುತ್ತೆ. ಹೊಸ ಟೇಬಲ್‌ಗಳು ಯುಟಿಎಫ್8ಎಂಬಿ4 ಆಗಿರ್ಲಿ, ಮೈಎಸ್‌ಕ್ಯುಎಲ್‌ನ ಹಳೇ ಯುಟಿಎಫ್8 ಮೂರು ಬೈಟ್ ತನಕ ಮಾತ್ರ, ಕನ್ನಡ ಹಿಡಿಸುತ್ತೆ ಆದ್ರೆ ಓದುಗರು ಕಾಮೆಂಟಲ್ಲಿ ಹಾಕೋ ಇಮೋಜಿ ಹಿಡಿಸಲ್ಲ.

ಸ್ಲಗ್ ಬಗ್ಗೆ ಒಂದು ಎಚ್ಚರಿಕೆ. ವರ್ಡ್‌ಪ್ರೆಸಲ್ಲಿ ಸ್ಲಗ್ ಇಡೋ ಕಾಲಂ 200 ಅಕ್ಷರದ್ದು, ಕನ್ನಡದ ಒಂದೊಂದು ಯೂನಿಕೋಡ್ ಚಿಹ್ನೆ ಅಲ್ಲಿ ಪರ್ಸೆಂಟ್ ಗುರುತಿನ ರೂಪದಲ್ಲಿ 9 ಅಕ್ಷರ ತಿನ್ನುತ್ತೆ. ಅಂದ್ರೆ 22 ಚಿಹ್ನೆಗೆ ಜಾಗ ಮುಗೀತು. "ಲಕ್ಷ್ಮಿ" ಅಂತ ಬರೆದ್ರೆ ಕಣ್ಣಿಗೆ ಎರಡೇ ಅಕ್ಷರ, ಒಳಗೆ ಏಳು ಚಿಹ್ನೆ, 63 ಅಕ್ಷರ ಖರ್ಚು. ಉದ್ದ ಟೈಟಲ್ ಎಲ್ಲಾ ಮಧ್ಯದಲ್ಲಿ ಕಟ್ ಆಗುತ್ತೆ, ಒಂದೇ ಥರ ಶುರುವಾಗೋ ಎರಡು ಟೈಟಲ್‌ಗಳಿಗೆ ಒಂದೇ ಸ್ಲಗ್ ಬಂದು ಎರಡನೇದಕ್ಕೆ 2 ಅಂತ ಬಾಲ ಸೇರ್ಕೊಳ್ಳುತ್ತೆ. ಹಾಗಾಗಿ ಸ್ಪ್ರೆಡ್‌ಶೀಟಲ್ಲಿ ಹೊಸ ವಿಳಾಸಾನ ನೀವೇ ಊಹೆ ಮಾಡಿ ಬರೀಬೇಡಿ, ಇಂಪೋರ್ಟ್ ಆದ್ಮೇಲೆ ವರ್ಡ್‌ಪ್ರೆಸ್ ನಿಜವಾಗ್ಲೂ ಏನು ಇಟ್ಟಿದೆ ಅನ್ನೋದನ್ನ ಡೇಟಾಬೇಸಿಂದಲೇ ತೆಗೀರಿ. "ಆನ್‌ಲೈನ್" ಥರದ ಪದಗಳಲ್ಲಿ ನ್ ಆದ್ಮೇಲೆ ಕಣ್ಣಿಗೆ ಕಾಣದ ಒಂದು ಚಿಹ್ನೆ ಇರುತ್ತೆ, ಒಬ್ಬರು ಹಾಕ್ತಾರೆ ಒಬ್ಬರು ಹಾಕಲ್ಲ, ನೋಡೋಕೆ ಒಂದೇ ಥರ ಇದ್ರೂ ಹೋಲಿಸಿದ್ರೆ ಬೇರೆ ಬೇರೆ. ಹೋಲಿಕೆ ಐಡಿ ಮೇಲೆ ಮಾಡಿ, ಟೈಟಲ್ ಮೇಲೆ ಬೇಡ.


ನಿಧಾನವಾಗಿ:

ಒಂದು ಮಾತು ಕೇಳ್ಬೇಕು ಅನ್ಸ್ತಿದೆ, ವರ್ಡ್‌ಪ್ರೆಸ್‌ಗೇ ಯಾಕೆ? ಜೂಮ್ಲಾ 3.10ಕ್ಕೆ ಬಂದು ಅಲ್ಲಿಂದ 4, ಆಮೇಲೆ 5 ಅಂತ ಅಪ್‌ಗ್ರೇಡ್ ಮಾಡಿದ್ರೆ ಐಡಿ ಅದೇ ಇರುತ್ತೆ, ಚಿತ್ರದ ಫೋಲ್ಡರ್ ಅದೇ ಇರುತ್ತೆ, ವಿಳಾಸಗಳೂ ಬಹುಪಾಲು ಹಾಗೇ ಉಳಿಯುತ್ತೆ. ನೀವು ಹೆದರ್ತಿರೋದು ವಿಳಾಸಕ್ಕಾದ್ರೆ ಇದೇ ಹತ್ತಿರದ ದಾರಿ ಅಲ್ವಾ? ಟೆಂಪ್ಲೇಟು, ಎಕ್ಸ್‌ಟೆನ್ಷನ್‌ಗಳು ಹೊಸದಕ್ಕೆ ಹೊಂದಲ್ಲ ಅನ್ನೋದು ನಿಜ, ಅದು ಹೇಗಿದ್ರೂ ವರ್ಡ್‌ಪ್ರೆಸಲ್ಲೂ ಹೊಸದಾಗೇ ಮಾಡ್ಬೇಕು.


ಪುಟಪಾಲಕಿ:

ನಿಧಾನವಾಗಿ ಅವ್ರೇ, ಅದನ್ನ ನಾವೂ ತುಂಬಾ ಯೋಚ್ನೆ ಮಾಡಿದ್ವಿ. ನಮ್ಮ ಕಾಮೆಂಟ್ ಎಕ್ಸ್‌ಟೆನ್ಷನ್ ಮಾಡಿದೋರು ಅದನ್ನ ನಿಲ್ಸೇಬಿಟ್ಟಿದಾರೆ, ಮತ್ತೆ ನಿಜ ಹೇಳ್ಬೇಕು ಅಂದ್ರೆ ಜೂಮ್ಲಾ ಗೊತ್ತಿರೋಳು ಮೂರು ಜನರಲ್ಲಿ ನಾನೊಬ್ಳೇ. ನಾನು ಒಂದು ತಿಂಗಳು ಹುಷಾರಿಲ್ದೆ ಇದ್ದಾಗ ಒಂದು ಲೇಖನಾನೂ ಹೋಗ್ಲಿಲ್ಲ. ಸೈಟ್ ನನ್ನೊಬ್ಬಳ ಮೇಲೆ ನಿಲ್ಬಾರ್ದು ಅನ್ನೋದೇ ಈ ಬದಲಾವಣೆಗೆ ಕಾರಣ.

ಅಕ್ಷರಶಃ ಅವ್ರೇ, ಗೆರೆ ಹಾಕದ ಲೇಖನ ನೋಡಿದೆ, 212 ಲೇಖನ ಪೂರ್ತಿ ಖಾಲಿ ಬಂದಿತ್ತು! ನೀವು ಹೇಳದೇ ಇದ್ದಿದ್ರೆ ಗೊತ್ತೇ ಆಗ್ತಿರ್ಲಿಲ್ಲ. ಪ್ಲಗಿನ್ ಬಿಟ್ಟು ಪರಿಚಯದ ಒಬ್ಬ ಹುಡುಗನ ಹತ್ರ ಚಿಕ್ಕ ಸ್ಕ್ರಿಪ್ಟ್ ಬರೆಸ್ತಿದೀನಿ, ಐಡಿ ಕಸ್ಟಮ್ ಫೀಲ್ಡಿಗೆ ಹೋಗುತ್ತೆ.


ಅಂಚೆಪೆಟ್ಟಿಗೆ:

ಹೋಸ್ಟಿಂಗ್ ಬದಲಾಗುತ್ತೆ ಅಂದ್ರಲ್ಲ, ಅದಕ್ಕೆ ಬರೀತಿದೀನಿ. ನಿಮ್ಮ ಡೊಮೇನ್ ಹೆಸರಿನ ಇಮೇಲ್ ಇದ್ಯಾ? ಇದ್ರೆ ಅದು ಎಲ್ಲಿ ಇಳಿಯುತ್ತೆ ಅಂತ ಮೊದ್ಲು ನೋಡಿ. ನಾನು ಒಂದು ಸಂಸ್ಥೆಗೆ ಸೈಟ್ ಶಿಫ್ಟ್ ಮಾಡ್ಕೊಟ್ಟಾಗ ನೇಮ್‌ಸರ್ವರ್ (ಡೊಮೇನ್‌ನ ವಿವರ ಇಟ್ಕೊಂಡಿರೋ ಸರ್ವರ್) ಬದಲಾಯಿಸಿದೆ, ಸೈಟ್ ಚೆನ್ನಾಗೇ ಬಂತು, ಎಲ್ರೂ ಖುಷಿಯಾಗಿದ್ರು. ಹಳೇ ಕಡೆ ಇದ್ದ, ಮೇಲ್ ಎಲ್ಲಿಗೆ ಹೋಗ್ಬೇಕು ಅಂತ ಹೇಳೋ ಎಂಎಕ್ಸ್ ರೆಕಾರ್ಡ್‌ಗಳನ್ನ ಹೊಸ ಕಡೆ ಬರ್ಕೊಂಡಿರ್ಲಿಲ್ಲ. ಎರಡು ದಿನ ಅವರಿಗೆ ಒಂದು ಮೇಲ್ ಕೂಡ ಬರ್ಲಿಲ್ಲ, ಬರ್ತಿಲ್ಲ ಅಂತಾನೂ ಯಾರಿಗೂ ಗೊತ್ತಾಗ್ಲಿಲ್ಲ, ಮೇಲ್ ಕಮ್ಮಿ ಇದೆ ಅಂತ ಅನ್ಕೊಂಡಿದ್ರು. ಅದು ನನ್ನ ತಪ್ಪೇ, ಇವತ್ತಿಗೂ ಬೇಜಾರಿದೆ. ಈಗ ಡಿಎನ್‌ಎಸ್‌ನ (ಡೊಮೇನ್ ಹೆಸರುಗಳ ವಿಳಾಸ ಪುಸ್ತಕ) ಪ್ರತಿ ಸಾಲನ್ನೂ, ಎಂಎಕ್ಸ್, ಮೇಲ್ ಅಸಲಿ ಅಂತ ತೋರಿಸೋ ಎಸ್‌ಪಿಎಫ್, ಡಿಕೆಐಎಂ ಎಲ್ಲಾನೂ ಸ್ಕ್ರೀನ್‌ಶಾಟ್ ತೆಗೆದಿಟ್ಕೊಂಡೇ ಮುಂದಕ್ಕೆ ಹೋಗ್ತೀನಿ. ಸಾಧ್ಯ ಆದ್ರೆ ನೇಮ್‌ಸರ್ವರ್ ಮುಟ್ಬೇಡಿ, ಸೈಟ್‌ನ ಸರ್ವರ್ ಐಪಿ ಹೇಳೋ ಎ ರೆಕಾರ್ಡ್ ಒಂದನ್ನೇ ಬದಲಾಯಿಸಿ. ಐಪಿವಿ6ಗೆ ಎಎಎಎ ರೆಕಾರ್ಡ್ ಇದ್ರೆ ಅದನ್ನೂ, ಇಲ್ಲಾಂದ್ರೆ ಅರ್ಧ ಜನಕ್ಕೆ ಹಳೇ ಸೈಟೇ ಕಾಣ್ತಿರುತ್ತೆ.

ಶಿಫ್ಟ್‌ಗೆ ಎರಡು ಮೂರು ದಿನ ಮುಂಚೆ ಟಿಟಿಎಲ್ (ಡಿಎನ್‌ಎಸ್ ಉತ್ತರಾನ ಎಷ್ಟು ಸೆಕೆಂಡ್ ನೆನಪಿಟ್ಕೊಳ್ಬಹುದು ಅನ್ನೋ ಅಂಕಿ) ಇಳಿಸಿ. 86400 ಅಂತಿದ್ರೆ ಒಂದು ದಿನ ಪೂರ್ತಿ ಹಳೇ ಉತ್ತರ ಜನರ ಹತ್ರ ಉಳಿದಿರುತ್ತೆ, 300ಕ್ಕೆ ಇಳಿಸಿದ್ರೆ ಐದು ನಿಮಿಷ. ಏನಾದ್ರೂ ಎಡವಟ್ಟಾದ್ರೆ ವಾಪಸ್ ಹೋಗೋಕೂ ಅಷ್ಟೇ ಹೊತ್ತು ಸಾಕು. ಶಿಫ್ಟ್ ಆಗಿ ವಾರ ಆದ್ಮೇಲೆ ಮತ್ತೆ ಏರಿಸಿ.

ಡಿಎನ್‌ಎಸ್ ಮುಟ್ಟದೇನೇ ಹೊಸ ಸರ್ವರ್‌ನ ನಿಜವಾದ ಹೆಸರಲ್ಲೇ ನೋಡ್ಬಹುದು, ನಿಮ್ಮ ಕಂಪ್ಯೂಟರ್‌ನ ಹೋಸ್ಟ್ಸ್ ಫೈಲಲ್ಲಿ ಹೊಸ ಐಪಿ, ಒಂದು ಸ್ಪೇಸ್, ನಿಮ್ಮ ಡೊಮೇನ್, ಇಷ್ಟು ಒಂದು ಸಾಲು ಸೇರಿಸಿ. ನಿಮಗೊಬ್ಬರಿಗೆ ಹೊಸ ಸೈಟ್ ಕಾಣುತ್ತೆ, ಜಗತ್ತಿಗೆ ಹಳೇದು. ಟೆಸ್ಟ್ ಮುಗಿದ್ಮೇಲೆ ಆ ಸಾಲು ತೆಗೀರಿ. ಮತ್ತೆ ಹೊಸ ಕಡೆ ಎಚ್‌ಟಿಟಿಪಿಎಸ್ ಸರ್ಟಿಫಿಕೇಟ್ ಮೊದ್ಲೇ ರೆಡಿ ಇರ್ಬೇಕು, ಹಳೇ ಸೈಟ್ ಎಚ್‌ಎಸ್‌ಟಿಎಸ್ (ಎಚ್‌ಟಿಟಿಪಿಎಸಲ್ಲೇ ಬಾ ಅನ್ನೋ ಸೂಚನೆ) ಕಳಿಸ್ತಿದ್ರೆ ಸರ್ಟಿಫಿಕೇಟ್ ಇಲ್ಲದ ಸಮಯದಲ್ಲಿ ಬಂದೋರಿಗೆ ಬ್ರೌಸರ್ ಮುಂದಕ್ಕೆ ಹೋಗೋ ದಾರಿನೇ ಕೊಡಲ್ಲ.


ಪುಟಪಾಲಕಿ:

ಮೂರು ವಾರ ಆಯ್ತು, ಏನಾಯ್ತು ಅಂತ ಹೇಳ್ಬೇಕು, ಒಂದು ಪ್ರಶ್ನೆನೂ ಇದೆ.

ಅಂಚೆಪೆಟ್ಟಿಗೆ ಅವ್ರು ಹೇಳಿದ ಹಾಗೆ ಹೋಸ್ಟ್ಸ್ ಫೈಲಲ್ಲಿ ಸಾಲು ಹಾಕ್ಕೊಂಡು ರಿಹರ್ಸಲ್ ಮಾಡ್ದೆ. ಹೊಸ ಸೈಟ್‌ಗೆ ಪಾಸ್‌ವರ್ಡ್ ಬಾಗ್ಲು ಹಾಕಿದೀನಿ, ಗೂಗಲ್ ಒಳಗೆ ಬರಲ್ಲ. ಪಟ್ಟಿಯಲ್ಲಿ ಒಟ್ಟು 5,300 ಹಳೇ ವಿಳಾಸ ಆಯ್ತು, 1,840 ಲೇಖನಕ್ಕೆ ಅಷ್ಟು! ಸ್ಕ್ರಿಪ್ಟ್ ಅಷ್ಟನ್ನೂ ಒಂದೊಂದಾಗಿ ತಟ್ಟಿ ಯಾವ ಕೋಡ್ ಬಂತು, ಕೊನೆಗೆ ಯಾವ ಪುಟಕ್ಕೆ ಹೋಯ್ತು ಅಂತ ಬರ್ಕೊಳ್ತು. ಮೊದಲನೇ ಸಲ 640 ವಿಳಾಸ 404, ಸರಿ ಮಾಡಿ ಮಾಡಿ ಕೊನೆಗೆ ಸೊನ್ನೆಗೆ ಬಂತು. ಅವತ್ತು ನಮ್ಮ ಮೂವರಿಗೂ ಎಷ್ಟು ಖುಷಿ ಆಯ್ತು ಅಂದ್ರೆ ನಾಳೇನೇ ಶಿಫ್ಟ್ ಮಾಡ್ಬಿಡೋಣ ಅಂತಿದ್ವಿ.

ಮನೇಲಿ ಉಳಿದಿದ್ದ ಒಂದು ಪೋಸ್ಟರ್ ತಂದು ಹಾಸಿದೆ, ಮಿಂಚು ಗುಡುಗಿನ ಪೋಸ್ಟರ್ ಅದು. ಕ್ಯುಆರ್ ಕೋಡ್ ಸ್ಕ್ಯಾನ್ ಮಾಡಿ ಬಂದ ವಿಳಾಸಾನ ಆ ಕಂಪ್ಯೂಟರಲ್ಲಿ ಹಾಕಿದೆ. ತೆರ್ಕೊಂಡಿದ್ದು ಹೋಮ್‌ಪೇಜ್. ಇನ್ನೊಂದು ಪೋಸ್ಟರ್, ಅದೂ ಹೋಮ್‌ಪೇಜ್. 404 ಬರ್ತಿಲ್ಲ, ಎಲ್ಲಾ ಚೆನ್ನಾಗಿರೋ ಹಾಗೆ 200 ಬರ್ತಿದೆ, ಆದ್ರೆ ಲೇಖನ ಇಲ್ಲ. ಪೋಸ್ಟರ್‌ನ ವಿಳಾಸ ನೋಡಿದ್ರೆ ಅದು ಉದ್ದ ರೂಪದ್ದು, ಇಂಡೆಕ್ಸ್ ಡಾಟ್ ಪಿಎಚ್‌ಪಿ, ಆಮೇಲೆ ಪ್ರಶ್ನೆ ಚಿಹ್ನೆ, ಆಪ್ಷನ್ ಈಕ್ವಲ್ಸ್ ಏನೋ, ಕೊನೆಗೆ ಐಡಿ ಈಕ್ವಲ್ಸ್ 482. ನಮ್ಮ ಪಟ್ಟಿಯಲ್ಲಿ ಈ ರೂಪ ಒಂದೂ ಇಲ್ಲ. ಲಾಗ್ ಸಿಕ್ಕಿದ್ದು ಒಂದೇ ತಿಂಗಳದ್ದು, ಅದೂ ಶಾಲೆಗಳಿಗೆ ರಜೆ ಇದ್ದ ತಿಂಗಳು. 40 ಪೋಸ್ಟರ್‌ನ ಮಕ್ಕಳೂ ಹೋಮ್‌ಪೇಜಿಗೆ ಬಂದು ನಿಲ್ತಿದ್ರು. ಸರ್ವರ್‌ಗೆ ಸೂಚನೆ ಬರೆಯೋ ಡಾಟ್ ಎಚ್‌ಟಿಆಕ್ಸೆಸ್ ಫೈಲಲ್ಲಿ ರೀಡೈರೆಕ್ಟ್ ಸಾಲು ಬರೆದು ನೋಡಿದೆ, ಹತ್ತುತ್ತಾನೇ ಇಲ್ಲ. ಯಾಕೆ?


ಹಳೇಸರ್ವರ್:

ಆ ಪೋಸ್ಟರ್ ಹಾಸಿ ನೋಡಿದ್ರಲ್ಲ, ಅದೇ ದೊಡ್ಡ ಕೆಲಸ. ಕಾರಣ ಹೇಳ್ತೀನಿ.

ಸರ್ವರ್ ಸಾಫ್ಟ್‌ವೇರ್ ಅಪಾಚೆಯ ರೀಡೈರೆಕ್ಟ್ ಸಾಲು ಪ್ರಶ್ನೆ ಚಿಹ್ನೆಗಿಂತ ಮುಂಚಿನ ಭಾಗ ಮಾತ್ರ ನೋಡುತ್ತೆ, ಆಮೇಲಿನದ್ದು ಅದರ ಕಣ್ಣಿಗೇ ಬೀಳಲ್ಲ. ಅದನ್ನ ನೋಡ್ಬೇಕು ಅಂದ್ರೆ ರೀರೈಟ್ ಕಂಡೀಶನ್‌ನಲ್ಲಿ ಕ್ವೆರಿ ಸ್ಟ್ರಿಂಗ್ ಅಂತ ಬೇರೆಯಾಗಿ ಕೇಳ್ಬೇಕು. 404 ಬರದೇ ಇದ್ದಿದ್ದು ಯಾಕಂದ್ರೆ ವರ್ಡ್‌ಪ್ರೆಸಲ್ಲೂ ಮೂಲದಲ್ಲಿ ಇಂಡೆಕ್ಸ್ ಡಾಟ್ ಪಿಎಚ್‌ಪಿ ಇದೆ, ಬಾಲದಲ್ಲಿರೋ ಆಪ್ಷನ್, ಐಡಿ ಅದಕ್ಕೆ ಗೊತ್ತಿಲ್ಲದ ಪದಗಳು, ಅದನ್ನ ಬಿಟ್ಟು ಹೋಮ್‌ಪೇಜ್ ತೋರಿಸುತ್ತೆ.

ನಿಮ್ಮ ಹತ್ರ ಹಳೇ ಐಡಿ ಕಸ್ಟಮ್ ಫೀಲ್ಡಲ್ಲಿ ಇದ್ಯಲ್ಲ, ಹಾಗಾಗಿ ಸಾಲು ಸಾಲಾಗಿ ಬರೆಯೋದೂ ಬೇಡ. ವರ್ಡ್‌ಪ್ರೆಸ್‌ನ ಟೆಂಪ್ಲೇಟ್ ರೀಡೈರೆಕ್ಟ್ ಹುಕ್‌ಗೆ (ಪುಟ ತೋರಿಸೋ ಮುಂಚೆ ನಮ್ಮ ಕೋಡ್ ಓಡಿಸೋ ಜಾಗ) ಚಿಕ್ಕ ಫಂಕ್ಷನ್ ಸೇರಿಸಿ, ಬಂದ ವಿಳಾಸದಲ್ಲಿ ಆಪ್ಷನ್ ಜಾಗದಲ್ಲಿ ಜೂಮ್ಲಾದ ಕಂಟೆಂಟ್ ಹೆಸರಿದ್ರೆ ಐಡಿ ಎತ್ಕೊಂಡು ಆ ಫೀಲ್ಡ್ ಇರೋ ಲೇಖನ ಹುಡುಕಿ 301 ಕೊಡೋದು. ಹುಕ್‌ನ ಆದ್ಯತೆ ಕಮ್ಮಿ ಅಂಕಿ ಇಡಿ, ವರ್ಡ್‌ಪ್ರೆಸ್ ತನ್ನದೇ ರೀಡೈರೆಕ್ಟ್ ಮಾಡೋಕ್ಕಿಂತ ಮುಂಚೆ ಇದು ಓಡ್ಬೇಕು. ಐಡಿ ಕೆಲವು ಕಡೆ 482 ಅಂತ ಬರೀ ಅಂಕಿ ಇರುತ್ತೆ, ಕೆಲವು ಕಡೆ 482 ಕೋಲನ್ ಅಲಿಯಾಸ್ ಅಂತ ಇರುತ್ತೆ, ಶುರುವಿನ ಅಂಕಿಯಷ್ಟನ್ನೇ ತಗೊಳ್ಳಿ. ವ್ಯೂ ಜಾಗದಲ್ಲಿ ಆರ್ಟಿಕಲ್ ಅಂತ ಇದ್ರೆ ಮಾತ್ರ ಮಾಡಿ, ಕ್ಯಾಟಗರಿ ಪುಟಗಳಿಗೂ ಐಡಿ ಇರುತ್ತೆ, ಅದು ಬೇರೆ ಲೆಕ್ಕ.

ಸೊನ್ನೆ ಬಂತು ಅಂದ್ರಲ್ಲ, ಅದನ್ನ ಇನ್ನೊಂದ್ಸಲ ನೋಡಿ. ಸಿಗದ ವಿಳಾಸ ಬಂದ್ರೆ ವರ್ಡ್‌ಪ್ರೆಸ್ ಅದರ ಥರಾನೇ ಶುರುವಾಗೋ ಇನ್ಯಾವುದೋ ಸ್ಲಗ್ ಊಹಿಸಿ ಅಲ್ಲಿಗೆ 301 ಕೊಟ್ಬಿಡುತ್ತೆ. ಕೋಡ್ ಸರಿ, ಲೇಖನ ತಪ್ಪು. ವರ್ಡ್‌ಪ್ರೆಸ್ 5.5ರಿಂದ ಆ ಊಹೆ ನಿಲ್ಸೋಕೆ ಫಿಲ್ಟರ್ ಇದೆ, ಟೆಸ್ಟ್ ಮಾಡೋವಾಗ ನಿಲ್ಸಿ. ಮತ್ತೆ ಕೋಡ್ ಮಾತ್ರ ನೋಡ್ಬೇಡಿ, ಹೋಗಿ ಸೇರಿದ ಪುಟದ ಐಡಿ ಹಳೇ ಐಡಿಗೆ ಹೊಂದುತ್ತಾ ಅಂತ ಹೋಲಿಸಿ.


ಪುಟಪಾಲಕಿ:

ಊಹೆ ನಿಲ್ಸಿ ಓಡಿಸಿದ್ರೆ 71 ವಿಳಾಸ ಮತ್ತೆ 404! ಅಂದ್ರೆ 71 ಜನಕ್ಕೆ ಯಾವುದೋ ಬೇರೆ ಲೇಖನ ಕೊಡೋದ್ರಲ್ಲಿದ್ವಿ. ಎಲ್ಲಾ "ಯಾಕೆ" ಅಂತ ಶುರುವಾಗೋ ಟೈಟಲ್‌ಗಳು, ನಮ್ಮ ಸೈಟಲ್ಲಿ ಅವು ಬೇಕಾದಷ್ಟಿವೆ.

ಹೋದ ಶುಕ್ರವಾರ ರಾತ್ರಿಯಿಂದ ಹಳೇ ಸೈಟಲ್ಲಿ ಹೊಸ ಲೇಖನ, ಕಾಮೆಂಟ್ ಎರಡೂ ನಿಲ್ಸಿ, ಕೊನೇ ಸಲ ಡಂಪ್ ತೆಗೆದು, ಬೇರೆ ಕಡೆ ಒಂದ್ಸಲ ರೀಸ್ಟೋರ್ ಆಗುತ್ತಾ ಅಂತ ನೋಡಿ, ಶನಿವಾರ ಬೆಳಿಗ್ಗೆ ಎ ರೆಕಾರ್ಡ್ ಬದಲಾಯಿಸಿದ್ವಿ. ಪಾಸ್‌ವರ್ಡ್ ಬಾಗ್ಲು ತೆಗೆದ್ವಿ, ಆದ್ರೆ ಸೆಟ್ಟಿಂಗ್ಸಲ್ಲಿ ಸರ್ಚ್ ಎಂಜಿನ್‌ಗಳು ಬರೋದು ಬೇಡ ಅನ್ನೋ ಟಿಕ್ ಹಾಗೇ ಉಳಿದಿತ್ತು, ನಮ್ಮಲ್ಲೊಬ್ಬಳು ಪುಟದ ಸೋರ್ಸ್ ನೋಡ್ತಾ ನೋಇಂಡೆಕ್ಸ್ ಕಂಡು ಕೂಗಿದ್ಳು, ಒಂದು ಗಂಟೆ ಒಳಗೆ ತೆಗೆದ್ವಿ. ಹೊಸ ಸೈಟ್‌ಮ್ಯಾಪ್ (ಪುಟಗಳ ಪಟ್ಟಿ) ಸರ್ಚ್ ಕನ್ಸೋಲ್‌ಗೆ ಕೊಟ್ಟಾಗಿದೆ. ಹಳೇ ಹೋಸ್ಟಿಂಗ್ ಇನ್ನೂ ಎರಡು ತಿಂಗಳು ಇಟ್ಕೊಳ್ತೀವಿ. ಮೇಲ್ ಬರ್ತಿದೆ ಅಂಚೆಪೆಟ್ಟಿಗೆ ಅವ್ರೇ, ಬೇರೆ ಬೇರೆ ಕಡೆಯಿಂದ ಕಳ್ಸಿ ನೋಡ್ದೆ.

40 ಪೋಸ್ಟರಲ್ಲಿ ನಮ್ಮ ಹತ್ರ ಇದ್ದಿದ್ದು 37. ಅಷ್ಟನ್ನೂ ನೆಲಕ್ಕೆ ಹಾಸಿ ಮೂರು ಫೋನಲ್ಲಿ ಸ್ಕ್ಯಾನ್ ಮಾಡಿದ್ವಿ, 37ಕ್ಕೂ ಅದರದ್ದೇ ಲೇಖನ ಬಂತು. ಉಳಿದ ಮೂರರ ಐಡಿ ಪ್ರಿಂಟಿಗೆ ಕೊಟ್ಟಿದ್ದ ಹಳೇ ಫೈಲಲ್ಲಿ ಸಿಕ್ತು, ವಿಳಾಸ ಕೈಯಲ್ಲೇ ಟೈಪ್ ಮಾಡಿ ನೋಡಿದ್ವಿ. ಎರಡು ಬಂತು. ಒಂದು 404, ಚಂದ್ರಗ್ರಹಣದ್ದು, ಆ ಲೇಖನಾನ 2017ರಲ್ಲಿ ನಾನೇ ಅನ್‌ಪಬ್ಲಿಶ್ ಮಾಡಿ ಹೊಸದಾಗಿ ಬೇರೆ ಐಡಿಯಲ್ಲಿ ಬರೆದಿದ್ದೆ, ಅಂದ್ರೆ ಆ ಪೋಸ್ಟರ್ ಹಳೇ ಸೈಟಲ್ಲೇ ಅಷ್ಟು ವರ್ಷದಿಂದ ಕೆಲಸ ಮಾಡ್ತಿರ್ಲಿಲ್ಲ. ಈಗ ಹೊಸ ಲೇಖನಕ್ಕೆ ಹಳೇ ಐಡಿನೂ ಸೇರಿಸಿದೀನಿ, ತೆರ್ಕೊಳ್ತಿದೆ.